ಒಗೆಯುವ ಮುನ್ನ ಒಳಮೈ ನೋಡಿ

ಮೂಡಿಗೆರೆ, ಕಳಸ ಕಡೆಯ ಹಳೆಯ ತೋಟದ ಮನೆಯೊಂದರ ಅಟ್ಟದ ಟ್ರಂಕಿನಲ್ಲಿ ಖಾಕಿ ಅಂಗಿಯೊಂದು ಸಿಕ್ಕಿತೆನ್ನಿ. ಅಜ್ಜ ಯುದ್ಧದಿಂದ ತಂದ ಜಪಾನಿ ಅಂಗಿ ಎಂದು ಮನೆಯವರು ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಜಪಾನೀಯರಿಗೆ ಸೆರೆಸಿಕ್ಕವರಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆಯವರೂ ಇದ್ದರು. ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಚಿಕ್ಕಮಗಳೂರು ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಆದರೆ ನಮ್ಮ ಸೈನಿಕರು ತೊಟ್ಟದ್ದೂ ಖಾಕಿಯನ್ನೇ. ಹಾಗಾಗಿ ಮನೆಮಾತಿನ ಜೊತೆಗೆ ಬಟ್ಟೆಯ ಸಾಕ್ಷಿಯೂ ಬೇಕು. ಆ ಸಾಕ್ಷಿ ಇರುವುದು ಒಳಮೈಯಲ್ಲಿ, ಶಾಯಿಯ ಗುರುತುಗಳಲ್ಲಿ. ಸಾಬೂನು ಹಾಕಿ ಒಗೆದರೆ ಮೊದಲು ಮಾಸುವುದೂ ಅದೇ.

ಸಂಗ್ರಹಕಾರರ ಕಣ್ಣು ಸಾಮಾನ್ಯವಾಗಿ ಟೋಪಿಯ ಐದು ಮೂಲೆಯ ನಕ್ಷತ್ರಕ್ಕೆ ಹೋಗುತ್ತದೆ. ನಕ್ಷತ್ರವನ್ನು ಯಾವ ದರ್ಜಿ ಬೇಕಾದರೂ ಹೊಲಿದಾನು. ಸಿನಿಮಾದ ವೇಷಗಳಲ್ಲೂ ಅದು ಇರುತ್ತದೆ. ಸೇನೆ ಸಿಪಾಯಿಗಳಿಗೆ ಹಂಚಿದ ಅಂಗಿಯ ಅಸ್ತರಿನಲ್ಲಾದರೆ ಅಳತೆ, ಉಗ್ರಾಣ, ತಯಾರಾದ ವರ್ಷ ಇವುಗಳ ಮುದ್ರೆ ಒತ್ತಿರುತ್ತಾರೆ. ವರ್ಷ ಜಪಾನಿನ ಶೋವಾ ಶಕೆಯದು, ಅದಕ್ಕೆ 1925 ಕೂಡಿಸಬೇಕು: 18 ಎಂದಿದ್ದರೆ 1943, ಇಂಫಾಲ–ಕೊಹಿಮಾ ಕದನದ ಹಿಂದಿನ ವರ್ಷ. ಆಮೇಲೆ ಕಾಲರ್ ನೋಡಬೇಕು. 1938ರ ಮಾದರಿಗೆ ಮೊದಲು ನೆಟ್ಟಗೆ ನಿಂತ ಕಾಲರ್, ದರ್ಜೆಯ ಪಟ್ಟಿ ಭುಜದ ಮೇಲೆ. ಅನಂತರ ಮಡಚಿದ ಕಾಲರ್, ಪಟ್ಟಿಯೂ ಅಲ್ಲಿಗೇ ಬಂತು. ಮುದ್ರೆಯ ವರ್ಷವೂ ಕಾಲರಿನ ಮಾದರಿಯೂ ತಾಳೆಯಾಗದಿದ್ದರೆ ಮಾರುವವನ ಕಥೆ ಎಷ್ಟೇ ಚೆನ್ನಾಗಿರಲಿ, ಅನುಮಾನ ಪಡಲೇಬೇಕು.

ಒಗೆಯದೆ ಇಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಮದ್ದು ನೀರಲ್ಲ, ಗಾಳಿ. ಒಣಹವೆಯ ದಿನ ನೆರಳಲ್ಲಿ ಹರವಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಸೆರೆಯಾಳುಗಳನ್ನು ಹಿಂಸಿಸಿದ ಸೇನೆಯ ಬಟ್ಟೆಯನ್ನು ಜೋಪಾನ ಮಾಡುವುದೇಕೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಬೆಲೆಗೋ ಮೆರವಣಿಗೆಗೋ ಇಟ್ಟುಕೊಳ್ಳುವುದಾದರೆ ಆ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಸೆರೆಯಿಂದ ಮರಳಿದ ಸಾಮಾನ್ಯ ಸಿಪಾಯಿಗಳಲ್ಲಿ ಬರೆದಿಟ್ಟವರು ವಿರಳ. ಅಂಥವನ ಮನೆಯಲ್ಲಿ ಉಳಿದ ಅಂಗಿ ಅವನು ಕಂಡದ್ದಕ್ಕೆ ಸಾಕ್ಷಿ. ಅದನ್ನು ಸುಟ್ಟರೆ ನಷ್ಟ ಅವನಿಗೇ ಹೊರತು ಆ ಸೇನೆಗಲ್ಲ. ಇನ್ನೊಂದು ಎಚ್ಚರ: ಜಪಾನಿ ಅಧಿಕಾರಿಗಳು ಸಮವಸ್ತ್ರವನ್ನು ಸ್ವಂತ ಖರ್ಚಿನಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಅಂಥದರಲ್ಲಿ ಉಗ್ರಾಣದ ಮುದ್ರೆ ಇಲ್ಲದಿದ್ದ ಮಾತ್ರಕ್ಕೆ ನಕಲಿ ಎನ್ನಲಾಗದು. ಅಲ್ಲಿ ಹುಡುಕಬೇಕಾದ್ದು ದರ್ಜಿಯ ಚೀಟಿ.