ಹುಳು ಸಾಕಣೆ ಮನೆಯ ಸೋಂಕು ನಿವಾರಣೆ: ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯ ಗುಣಮಟ್ಟ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ರೇಷ್ಮೆಯು ಜೀವನಾಧಾರವಾಗಿದೆ. ಹಾಲುತೊಂಡೆ, ಸಪ್ಪೆ ಮೊದಲಾದ ರೋಗಗಳು ತಗುಲಿದಲ್ಲಿ ಒಂದು ಬೆಳೆಯ ಶ್ರಮವೆಲ್ಲವೂ ಗೂಡು ಮಾರುಕಟ್ಟೆ ತಲುಪುವ ಮುನ್ನವೇ ನಷ್ಟವಾಗುತ್ತದೆ. ಸೋಂಕು ನಿವಾರಣೆಯ ಫಲವು ಪುಡಿಯ ತೂಕವನ್ನಷ್ಟೇ ಅಲ್ಲದೆ ಅದರ ಸಂಯೋಜನೆಯನ್ನೂ ಅವಲಂಬಿಸಿರುತ್ತದೆ.

ತಯಾರಾಗುವ ಬಗೆ
ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಕೆ.ಜಿ. ಶುದ್ಧ ಕಲ್ಲಿನಿಂದ 56 ಕೆ.ಜಿ. ಸುಟ್ಟ ಸುಣ್ಣ ದೊರೆಯುತ್ತದೆ; ನೀರು ಸೇರಿಸಿ ಅರಳಿಸಿದಾಗ ಅದು 74 ಕೆ.ಜಿ. ಪುಡಿಯಾಗುತ್ತದೆ. ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಅನಿಲವನ್ನು ಹಾಯಿಸಿದಾಗ ಬ್ಲೀಚಿಂಗ್ ಪುಡಿ ಸಿದ್ಧವಾಗುತ್ತದೆ.

ಸತ್ವ ಕುಂದಲು ಕಾರಣ
ತೆರೆದಿಟ್ಟ ಅರಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಪುನಃ ಸುಣ್ಣದ ಕಲ್ಲಿನ ಪುಡಿಯಾಗುತ್ತದೆ. ಬ್ಲೀಚಿಂಗ್ ಪುಡಿಯು ತೇವ, ಶಾಖ ಮತ್ತು ಬೆಳಕಿನಿಂದ ಕ್ಲೋರಿನ್ ಕಳೆದುಕೊಳ್ಳುತ್ತದೆ. ಶೇ. 30ರಷ್ಟು ಲಭ್ಯ ಕ್ಲೋರಿನ್ ಇರುವ 2 ಕೆ.ಜಿ. ಪುಡಿಯಲ್ಲಿ 600 ಗ್ರಾಂ ಕ್ಲೋರಿನ್ ದೊರೆಯುತ್ತದೆ. ಅದು ಶೇ. 15ಕ್ಕೆ ಇಳಿದಿದ್ದಲ್ಲಿ ಅಷ್ಟೇ ತೂಕದಿಂದ ಕೇವಲ 300 ಗ್ರಾಂ ದೊರೆಯುತ್ತದೆ. ಇಂತಹ ದ್ರಾವಣವನ್ನು ಸಿಂಪಡಿಸಿದರೂ ರೋಗಾಣುಗಳು ಉಳಿಯುವ ಸಂಭವವಿರುತ್ತದೆ.

ಬೆಳೆಗಾರರು ಗಮನಿಸಬೇಕಾದ ಅಂಶಗಳು
1. ಶೇ. 30ರಷ್ಟು ಲಭ್ಯ ಕ್ಲೋರಿನ್ ಇರುವ, ಮೊಹರು ಒಡೆಯದ, ಹೊಸದಾಗಿ ತಯಾರಾದ ಪುಡಿಯನ್ನೇ ಖರೀದಿಸತಕ್ಕದ್ದು.
2. 100 ಲೀಟರ್ ನೀರಿಗೆ 2 ಕೆ.ಜಿ. ಬ್ಲೀಚಿಂಗ್ ಪುಡಿ ಹಾಗೂ 300 ಗ್ರಾಂ ಅರಳಿದ ಸುಣ್ಣವನ್ನು ಬಳಸುವುದು. ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ನಂತರ ಉಳಿದ ನೀರನ್ನು ಸೇರಿಸತಕ್ಕದ್ದು.
3. ದ್ರಾವಣವನ್ನು ಆಯಾ ದಿನವೇ ತಯಾರಿಸಿ ಬಳಸುವುದು.
4. ಬೆಳೆ ಮುಗಿದ ಕೂಡಲೇ ಒಮ್ಮೆ ಹಾಗೂ ಮುಂದಿನ ಚಾಕಿಗೆ 2-3 ದಿನ ಮೊದಲು ಮತ್ತೊಮ್ಮೆ ಮನೆ, ತಟ್ಟೆ ಮತ್ತು ಸಲಕರಣೆಗಳಿಗೆ ಸಿಂಪಡಿಸುವುದು. ಈ ದ್ರಾವಣವು ಲೋಹವನ್ನು ಸವೆಸುವುದರಿಂದ ಲೋಹದ ಸಲಕರಣೆಗಳಿಗೆ ಬಳಸಬಾರದು.
5. ಹುಳುಗಳು ಜ್ವರಕ್ಕೆ ಕುಳಿತಾಗ ಹಾಸಿಗೆ ಒಣಗಲು ಜರಡಿ ಹಿಡಿದ ಅರಳಿದ ಸುಣ್ಣವನ್ನು ತೆಳುವಾಗಿ ಉದುರಿಸಬಹುದು. ಸುಟ್ಟ ಸುಣ್ಣವನ್ನು ಉದುರಿಸಬಾರದು.
6. ಬ್ಲೀಚಿಂಗ್ ಪುಡಿಯೊಡನೆ ಆಮ್ಲ ಅಥವಾ ಫಾರ್ಮಲಿನ್ ಬೆರೆಸಬಾರದು. ಸಿಂಪಡಿಸುವವರು ಮುಖಗವಸು, ಕೈಗವಸು ಮತ್ತು ಕನ್ನಡಕ ಧರಿಸತಕ್ಕದ್ದು.

ಸೋಂಕು ನಿವಾರಕಗಳ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವವರು ಚಾಲ್ತಿಯಲ್ಲಿರುವ ಷರತ್ತುಗಳು ಹಾಗೂ ಅಗತ್ಯ ದಾಖಲೆಗಳ ಬಗ್ಗೆ ರೇಷ್ಮೆ ಇಲಾಖೆಯ ಸಮೀಪದ ತಾಂತ್ರಿಕ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ. ಪುಡಿಯನ್ನು ಸ್ವೀಕರಿಸುವಾಗ ತಯಾರಿಕಾ ದಿನಾಂಕ ಹಾಗೂ ಮೊಹರನ್ನು ಖುದ್ದಾಗಿ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.