ಕೋಟೆಯ ಮಗ್ಗುಲಲ್ಲೇ ಮಲಗಿರುವ ಪಟ್ಟಣ

ಪಟ್ಟನಾಯಕನಹಳ್ಳಿ ಕಡೆಯಿಂದ ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಹೋಗುವ ನಮ್ಮ ಜನ ನೋಡಿ ಬರುವುದು ಏಳುಸುತ್ತಿನ ಕೋಟೆಯನ್ನು, ಓಬವ್ವನ ಕಿಂಡಿಯನ್ನು. ಪಾಳೆಯಗಾರರ ಆ ಕೋಟೆಗಿಂತ ಸಾವಿರ ವರ್ಷಕ್ಕೂ ಹಿಂದಿನ ಪಟ್ಟಣವೊಂದು ಅದೇ ಬೆಟ್ಟಗಳ ಮಡಿಲಲ್ಲಿ, ಚಂದ್ರವಳ್ಳಿಯಲ್ಲಿ, ಮಣ್ಣಿನಡಿ ಇದೆ. ಅಂಕಲಿ ಮಠದ ಗುಹೆಗೆ ಬಂದವರಲ್ಲೂ ಅದರ ನೆನಪು ಮಾಡಿಕೊಳ್ಳುವವರು ಕಡಿಮೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಈ ನೆಲವನ್ನು ಒಂದು ತಲೆಮಾರು ಅಗೆದು ಮುಗಿಸಲಿಲ್ಲ. 1909ರ ಸುಮಾರಿಗೆ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಇಲ್ಲಿಂದ ಸೀಸದ ನಾಣ್ಯಗಳನ್ನು ಬೆಳಕಿಗೆ ತಂದರು. ಸಾತವಾಹನರ ಕಾಲದ ಮಹಾರಠಿ ಎಂಬ ಸಾಮಂತರ ಹೆಸರು ಅವುಗಳ ಮೇಲಿತ್ತು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಗೆತ ನಡೆಸಿದರು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವನ್ನು ಓದಿದವರೂ ಅವರೇ. ಬನವಾಸಿಯ ದೊರೆ ಈ ಬಯಲುಸೀಮೆಯಲ್ಲಿ ಮೊದಲು ನೆನೆದದ್ದು ನೀರನ್ನು!

1947ರಲ್ಲಿ ಬಂದವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್. ಎರಡನೇ ಮಹಾಯುದ್ಧದ ವೇಳೆ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದ ಅವಶೇಷಗಳು ಸೈನ್ಯದ ಕಾಲ್ತುಳಿತಕ್ಕೆ ಸಿಗದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. ಅದು ಫಿನೀಷಿಯನ್ ವರ್ತಕರು ನೆಲೆಗೊಳಿಸಿ, ಮುಂದೆ ರೋಮನ್ನರ ಪಾಲಾದ ಬಂದರು. ಆ ರೋಮಿನ ಬೆಳ್ಳಿ ನಾಣ್ಯಗಳು ಕಡಲಿಂದ ಇಷ್ಟು ದೂರದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಅವುಗಳಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ತೈಬೀರಿಯಸ್‌ನದೂ ಇದೆ.

ವ್ಹೀಲರ್ ಕೆಲಸದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೆಲವನ್ನು ಚೌಕಗಳಾಗಿ ಗುರುತಿಸಿ, ಚೌಕಗಳ ನಡುವೆ ಮಣ್ಣಿನ ಗೋಡೆ ಉಳಿಸಿ, ಒಂದೊಂದೇ ಪದರ ಬಿಡಿಸುತ್ತ ಇಳಿಯುವುದು. ಉಳಿಸಿದ ಗೋಡೆಯ ಮೈಮೇಲೆ ಬೂದಿ, ಮರಳು, ಬಿದ್ದ ಮನೆಯ ಮಣ್ಣು ಬೇರೆಬೇರೆ ಬಣ್ಣದ ಪಟ್ಟಿಗಳಾಗಿ ಕಾಣುತ್ತವೆ. ಪ್ರತಿ ಮಡಕೆ ಚೂರಿಗೂ ಅದು ಸಿಕ್ಕ ಪದರದ ಸಂಖ್ಯೆ ಬೀಳುತ್ತದೆ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸಾಮಾನುಗಳ ಜೊತೆ ಸಿಕ್ಕ ಬಗೆಯ ಮಡಕೆಗಳು ಇಲ್ಲಿಯೂ ಸಿಕ್ಕಾಗ, ನಾಣ್ಯದ ಸಾಕ್ಷಿಯೂ ಸೇರಿ, ಚಂದ್ರವಳ್ಳಿಗೆ ಕಾಲ ನಿಗದಿಯಾಯಿತು. ಅದೇ ವರ್ಷ ಅವರು ಅಗೆಸಿದ ಮೊಳಕಾಲ್ಮೂರು ತಾಲ್ಲೂಕಿನ, ಅಶೋಕನ ಶಾಸನವಿರುವ ಬ್ರಹ್ಮಗಿರಿಗೂ ಇದೇ ಅಳತೆಗೋಲಾಯಿತು.

ಆ ಅಳತೆ ಪೂರ್ತಿ ನಿಲ್ಲಲಿಲ್ಲ. ಬ್ರಹ್ಮಗಿರಿಯ ಕಲ್ಲುಕೊಡಲಿ ಜನರನ್ನು ವ್ಹೀಲರ್ ಕ್ರಿ.ಪೂ. 1000ದ ಆಸುಪಾಸಿಗೆ ತಂದಿದ್ದರು. ರೇಡಿಯೋ ಕಾರ್ಬನ್ ಪರೀಕ್ಷೆ ಬಂದ ಮೇಲೆ ಕರ್ನಾಟಕದ ನವಶಿಲಾಯುಗ ಕ್ರಿ.ಪೂ. 2000ಕ್ಕೂ ಹಿಂದೆ ಸರಿಯಿತು. ಹಾಗೆ ತಿದ್ದಲು ಸಾಧ್ಯವಾದದ್ದು ಹಳಬರು ಪದರಗಳ ಲೆಕ್ಕವನ್ನು ಬರೆದಿಟ್ಟಿದ್ದರಿಂದ.

ಹೊಲ ಉಳುವಾಗ, ಪಾಯ ತೆಗೆಯುವಾಗ ಶಿರಾ, ಪಾವಗಡ, ಮಧುಗಿರಿಯ ನಮಗೂ ಹಳೆಯ ನಾಣ್ಯವೋ ಬೂದಿದಿಬ್ಬವೋ ಎದುರಾಗಬಹುದು. ಕಿತ್ತು ತೊಳೆದು ಮನೆಗೆ ತಂದರೆ ಅದರ ಜಾಗದ ಗುರುತು ಹೋಗುತ್ತದೆ. ಅದನ್ನು ಇದ್ದಲ್ಲೇ ಬಿಟ್ಟು ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ವರದಿ ಮಾಡಬೇಕೆಂದು ನಿಧಿ ಕಾಯ್ದೆಯೇ ಹೇಳುತ್ತದೆ.