ಸಣ್ಣ ಕಟ್ಟೆಗಳಿಗೆ ಕೋಡಿಯ ಅಳತೆ

ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಸಣ್ಣ ಕಟ್ಟೆಗಳು ಒಡೆಯುವುದಕ್ಕೆ ಏರಿಯ ದೌರ್ಬಲ್ಯವೊಂದೇ ಕಾರಣವಲ್ಲ. ಕೋಡಿಯು ಕಿರಿದಾಗಿದ್ದರೆ ನೀರು ಏರಿಯ ಮೇಲೆಯೇ ಹರಿದು, ಗಟ್ಟಿಯಾದ ಮಣ್ಣನ್ನೂ ಸ್ವಲ್ಪ ಹೊತ್ತಿನಲ್ಲಿ ಕೊರೆದುಹಾಕುವುದು. ಕೆಳಗಣ ಹೊಲಗಳ ಮೇಲ್ಮಣ್ಣೂ ಬೆಳೆಯೂ ಅದರೊಡನೆ ಕೊಚ್ಚಿಹೋಗುವುವು. ಆದುದರಿಂದ ಒಮ್ಮೆಗೇ ಬರಬಹುದಾದ ಅತ್ಯಧಿಕ ಪ್ರವಾಹವನ್ನು ಮೊದಲೇ ಲೆಕ್ಕಹಾಕತಕ್ಕದ್ದು.

ಇದಕ್ಕೆ ಮೂರು ಅಂಶಗಳು ಬೇಕು: ನೀರು ಹರಿದುಬರುವ ಭೂಮಿಯ ವಿಸ್ತೀರ್ಣ, ಮಳೆಯಲ್ಲಿ ಇಂಗದೆ ಹರಿಯುವ ಭಾಗ, ಮಳೆಯ ಬಿರುಸು. ವಿಸ್ತೀರ್ಣವನ್ನು ಹೆಕ್ಟೇರುಗಳಲ್ಲಿಯೂ, ಬಿರುಸನ್ನು ಗಂಟೆಗೆ ಇಷ್ಟು ಮಿಲಿಮೀಟರೆಂದೂ ಹಿಡಿದು, ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ, ಸೆಕೆಂಡಿಗೆ ಬರುವ ನೀರು ಘನಮೀಟರುಗಳಲ್ಲಿ ದೊರೆಯುವುದು.

ನೂರಕ್ಕೆ ಐದರೊಳಗಣ ಇಳಿಜಾರುಳ್ಳ ಜೇಡಿಗೋಡು ನೆಲದಲ್ಲಿ, ಹರಿಯುವ ಭಾಗವನ್ನು ಸಾಗುವಳಿಯ ಹೊಲಕ್ಕೆ 0.50 ಎಂದೂ ಹುಲ್ಲುಗಾವಲಿಗೆ 0.30 ಎಂದೂ ಎಣಿಸುವರು.

ಹೆಚ್ಚಾಗಿ ತಪ್ಪುವುದು ಮಳೆಯ ಬಿರುಸಿನಲ್ಲಿ. ದಿನದ ಮಳೆಯಾಗಲಿ ಗಂಟೆಯ ಮಳೆಯಾಗಲಿ ಇಲ್ಲಿ ಸಲ್ಲದು. ಅತಿ ದೂರದ ಅಂಚಿನಿಂದ ನೀರು ಕಟ್ಟೆಯನ್ನು ಸೇರಲು ಎಷ್ಟು ಹೊತ್ತು ಹಿಡಿಯುವುದೋ, ಅಷ್ಟು ಹೊತ್ತಿನ ಬಿರುಮಳೆಯನ್ನೇ ಹಿಡಿಯಬೇಕು. ಮಳೆಯು ಅದಕ್ಕೂ ಬೇಗನೆ ನಿಂತರೆ, ದೂರದ ನೀರು ಬರುವುದರೊಳಗೆ ಹತ್ತಿರದ ನೀರು ಹರಿದುಹೋಗಿರುವುದು; ಹೆಚ್ಚು ಹೊತ್ತು ಸುರಿದರೆ ಸರಾಸರಿ ಬಿರುಸು ಇಳಿಯುವುದು. ಕಿರ್ಪಿಚ್ ಎಂಬವರು 1940ರಲ್ಲಿ ಪ್ರಕಟಿಸಿದ ಸೂತ್ರದಂತೆ, ನೂರಕ್ಕೆ ಎರಡರ ಇಳಿಜಾರಿನಲ್ಲಿ 500 ಮೀಟರು ಹರಿಯಲು ಸುಮಾರು ಹತ್ತೂವರೆ ನಿಮಿಷ ಸಾಕು.

ಇಂತಹ ಭೂಮಿಯು 12 ಹೆಕ್ಟೇರಾಗಿದ್ದು, ಅದರಲ್ಲಿ 8 ಹೆಕ್ಟೇರು ಹೊಲ, 4 ಹೆಕ್ಟೇರು ಹುಲ್ಲುಗಾವಲು ಇರುವುದೆಂದು ಭಾವಿಸೋಣ. ಹತ್ತು ನಿಮಿಷದ ಬಿರುಸು ಗಂಟೆಗೆ 120 ಮಿಲಿಮೀಟರಿನಂತಿದ್ದರೆ ಪ್ರವಾಹವು ಸೆಕೆಂಡಿಗೆ 1.73 ಘನಮೀಟರು. ಅಗಲವಾದ ನೆತ್ತಿಯ ಕೋಡಿಯ ಮೇಲೆ 30 ಸೆಂಟಿಮೀಟರು ಆಳಕ್ಕೆ ಹರಿಯುವುದಾದರೆ ಅದಕ್ಕೆ ಸುಮಾರು 6.2 ಮೀಟರು ಉದ್ದ ಬೇಕು. ಗಂಟೆಯಲ್ಲಿ ಬಿದ್ದ ಒಟ್ಟು ಮಳೆ 45 ಮಿಲಿಮೀಟರೆಂದು ಅದನ್ನೇ ಹಿಡಿದರೆ, 2.3 ಮೀಟರೇ ಸಾಕೆಂದು ತೋರುವುದು. ಅಂತಹ ಕೋಡಿಯುಳ್ಳ ಕಟ್ಟೆಯು ಭರಣಿಯ ಒಂದೇ ಗುಡುಗುಮಳೆಗೆ ಒಡೆದುಹೋಗಬಹುದು.

ಈ ಕ್ರಮವು ಸಣ್ಣ ಪ್ರದೇಶಗಳಿಗೆ ಮಾತ್ರ ಯೋಗ್ಯವಾದುದು. ಹತ್ತು ವರ್ಷಕ್ಕೊಮ್ಮೆ ಬರಬಹುದಾದ ಬಿರುಸನ್ನಾದರೂ ಸಮೀಪದ ಸ್ವಯಂಲೇಖಕ ಮಳೆಮಾಪಕದ ದಾಖಲೆಗಳಿಂದ ತಿಳಿದುಕೊಳ್ಳುವುದು ಲೇಸು. ಮೇಲಣ ಹುಲ್ಲುಗಾವಲನ್ನು ಉತ್ತು ಹೊಲಮಾಡಿದಾಗಲೂ ಲೆಕ್ಕವನ್ನು ಮರಳಿ ಮಾಡತಕ್ಕದ್ದು. ಮೇಲಿನ ನಿದರ್ಶನದಲ್ಲಿ ಪ್ರವಾಹವು 2 ಘನಮೀಟರಿಗೆ ಏರಿ, ಕೋಡಿಗೆ ಇನ್ನೂ ಒಂದು ಮೀಟರು ಉದ್ದ ಬೇಕಾಗುವುದು.